ಸಿತಾರ್ ಇಲ್ಲ, ತಬಲಾ ಇಲ್ಲ, ಹಾಗಾದರೆ ಜಗತ್ತು ಎಲ್ಲಿದೆ? 'ಬ್ಲೂ ಲೈನ್ಸ್' ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ಹಂಸಲೇಖ, ಇಳಯರಾಜ ಹಾಡುಗಳನ್ನು ಕೇಳುತ್ತಾ ಬೆಳೆದವಳು. ಇಂಗ್ಲಿಷ್ ಸಂಗೀತ ಅಷ್ಟಾಗಿ ಗೊತ್ತಿಲ್ಲ. ಆಫೀಸಿನ ಗೆಳೆಯರೊಬ್ಬರು ಮ್ಯಾಸಿವ್ ಅಟ್ಯಾಕ್ ಎಂಬ ತಂಡದ ಮೊದಲ ಆಲ್ಬಮ್ 'ಬ್ಲೂ ಲೈನ್ಸ್' ಕೇಳಿ ಎಂದರು. ಟ್ರಿಪ್ ಹಾಪ್ ಎಂಬ ಸಂಗೀತದ ಬಗೆ ಶುರುವಾದದ್ದೇ ಅಲ್ಲಿಂದ, ಎಲೆಕ್ಟ್ರಾನಿಕ್ ಪಾಪ್ ಜೊತೆ ಜಗತ್ತಿನ ಸಂಗೀತವೆಲ್ಲ ಬೆರೆತಿದೆ ಎಂದೂ ಹೇಳಿದರು. ಮೊಬೈಲಿನಲ್ಲಿ ಎರಡು ಸಲ ಕೇಳಿದೆ. ಎಲ್ಲವೂ ನಿಧಾನ, ಖಾಲಿ ಖಾಲಿ. ಸಿತಾರ್ ಇಲ್ಲ, ತಬಲಾ ಇಲ್ಲ, ಆಫ್ರಿಕಾದ ಡೋಲೂ ಇಲ್ಲ. ಜಗತ್ತು ಎಲ್ಲಿದೆ? ಇನ್ನೊಂದು ವಿಷಯ. ಬೇರೆಯವರ ರೆಕಾರ್ಡಿನ ತುಂಡು ಕತ್ತರಿಸಿ ಹಾಡು ಮಾಡಿದ್ದಾರಂತೆ. ಅದು ಕದ್ದ ಹಾಗೆ ಅಲ್ವಾ?
ಓದುಗರೊಬ್ಬರು, ದಾವಣಗೆರೆ

ಉತ್ತರ: ಮೊದಲು ನನ್ನದೊಂದು ಮರುಪ್ರಶ್ನೆ. ಮೊಬೈಲಿನಲ್ಲಿ ಕೇಳಿದೆ ಅಂದಿರಿ. ಇಯರ್‌ಫೋನ್ ಹಾಕಿಕೊಂಡಿದ್ದಿರಾ, ಇಲ್ಲ ಫೋನನ್ನು ಮೇಜಿನ ಮೇಲಿಟ್ಟು ಅದರ ಸ್ಪೀಕರಿನಲ್ಲೇ ಕೇಳಿದಿರಾ? ಸ್ಪೀಕರಿನಲ್ಲಾದರೆ ಈ ಆಲ್ಬಮ್ಮನ್ನು ನೀವಿನ್ನೂ ಕೇಳಿಲ್ಲ ಅಂತಲೇ ಲೆಕ್ಕ. ಬಾಳೆಎಲೆ ಮುಂದೆ ಕೂತು, ತುದಿಗೆ ಬಡಿಸಿದ ಉಪ್ಪಿನಕಾಯಿ ಕೋಸಂಬರಿ ತಿಂದು ಎದ್ದು ಬಂದಿದ್ದೀರಿ. ಅನ್ನ ಸಾರು ಹಾಗೇ ಉಳಿದಿದೆ.

ಈ ಸಂಗೀತದಲ್ಲಿ ಅನ್ನ ಅಂದರೆ ಬೇಸ್, ಅಂದರೆ ತಳದಲ್ಲಿ ಗುಂಯ್‌ಗುಡುವ ದಪ್ಪ ಸದ್ದು. ಬೇಸ್ ಗಿಟಾರಿನ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಅಷ್ಟು ಕೆಳಗಿನ ಸದ್ದು ಹೊರಡಬೇಕಾದರೆ ಸ್ಪೀಕರು ಜಾಸ್ತಿ ಗಾಳಿಯನ್ನು ತಳ್ಳಬೇಕು. ಉಗುರಿನಗಲದ ಫೋನ್ ಸ್ಪೀಕರಿಗೆ ಅದು ಆಗದ ಕೆಲಸ. ನಮ್ಮ ಸಿನಿಮಾ ಹಾಡುಗಳಲ್ಲಿ ಈ ಕೊರತೆ ಅಷ್ಟಾಗಿ ಗೊತ್ತಾಗುವುದಿಲ್ಲ. ಗಾಯಕರ ದನಿ, ವಯಲಿನ್, ಕೊಳಲು ಎಲ್ಲ ಮೇಲೇ ಇರುತ್ತವೆ. ಬೇಸ್ ಹೋದರೂ ಹಾಡು ನಿಲ್ಲುತ್ತದೆ. 'ಬ್ಲೂ ಲೈನ್ಸ್'ನಲ್ಲಿ ಬೇಸ್ ಹೋದರೆ ಉಳಿಯುವುದು ಒಂದು ಡ್ರಮ್ಮು, ಅಲ್ಲೊಂದು ಇಲ್ಲೊಂದು ಸದ್ದು, ಗುನುಗುವ ದನಿ. ಖಾಲಿ ಅನ್ನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮನ್ನು ಹಂಗಿಸುತ್ತಿಲ್ಲ. ನಾನು ಮೊದಲ ಸಲ ಕೇಳಿದಾಗ ಇದಕ್ಕಿಂತ ದೊಡ್ಡ ಪೆದ್ದುತನ ಮಾಡಿದ್ದೆ. 1995ರ ಸುಮಾರು. ಲಂಡನ್ನಿನಿಂದ ರಜಕ್ಕೆ ಬಂದ ದೊಡ್ಡಪ್ಪನ ಮಗ ಒಂದು ಕಾಪಿ ಮಾಡಿದ ಕ್ಯಾಸೆಟ್ ಕೊಟ್ಟ. ಮನೆಯ ಟೂ-ಇನ್-ಒನ್‌ಗೆ ಹಾಕಿದೆ. ಡ್ರಮ್ಮು ಎಳೆದೆಳೆದು ಬಡಿಯುತ್ತಿತ್ತು. ಒಬ್ಬ ಕಿವಿಯ ಹತ್ತಿರ ಬಂದು ಏನೋ ಗೊಣಗುತ್ತಿದ್ದ. ಸೆಲ್ ವೀಕ್ ಆಗಿದೆ ಅಂದುಕೊಂಡು ಅಂಗಡಿಗೆ ಓಡಿ ಆರು ಹೊಸ ಸೆಲ್ ತಂದು ಹಾಕಿದೆ. ಅದೇ ವೇಗ, ಅದೇ ಗೊಣಗಾಟ. ಅಣ್ಣ ಬಿದ್ದು ಬಿದ್ದು ನಕ್ಕ. "ಅದು ಇರೋದೇ ಹಾಗೆ ಕಣೋ" ಅಂದ.

ಆದರೆ ನನ್ನ ಊಹೆ ಪೂರ್ತಿ ದಡ್ಡತನವೂ ಆಗಿರಲಿಲ್ಲ. ಸೆಲ್ ಕಡಿಮೆಯಾದಾಗ ಟೇಪು ನಿಧಾನವಾಗಿ ಓಡುತ್ತದೆ. ಹಾಡುವವರ ದನಿ ದಪ್ಪವಾಗುತ್ತದೆ, ಡ್ರಮ್ಮು ಭಾರವಾಗುತ್ತದೆ. ಹಳೇ ಸ್ಯಾಂಪ್ಲರ್ ಯಂತ್ರಗಳಲ್ಲಿ ಈ ಬಗೆಯ ಸಂಗೀತಗಾರರು ಬೇಕೆಂದೇ ಮಾಡುತ್ತಿದ್ದ ಕೆಲಸ ಇದೇ. ಹಳೆಯ ರೆಕಾರ್ಡಿನಿಂದ ಎರಡು ಆವರ್ತದಷ್ಟು ಡ್ರಮ್ಮನ್ನು ಕತ್ತರಿಸಿಕೊಳ್ಳುವುದು. ಅದರ ವೇಗ ಇಳಿಸುವುದು. ತುದಿಗೆ ತುದಿ ಜೋಡಿಸಿ ಸುತ್ತಲು ಬಿಡುವುದು. ಮೂಲದಲ್ಲಿ ಚುರುಕಾಗಿ ಕುಣಿಯುತ್ತಿದ್ದ ತಾಳ ಈಗ ಹೊಟ್ಟೆ ತುಂಬ ಉಂಡವರ ಹಾಗೆ ನಡೆಯುತ್ತದೆ. ಈ ಆಲ್ಬಮ್ ಬಂದ 1991ರ ಹೊತ್ತಿಗೆ ಇಂಗ್ಲೆಂಡಿನ ಡಾನ್ಸ್ ಹಾಲುಗಳಲ್ಲಿ ನಿಮಿಷಕ್ಕೆ 120 ಬಡಿತ ಮೀರಿದ ರೇವ್ ಸಂಗೀತದ ಅಬ್ಬರ. ಅದರ ಎದುರಿಗೆ ಇವರು ಬ್ರೇಕ್ ಹಾಕಿ ಕೂತರು. ಕಾಲಿಗಿಂತ ತಲೆಗೆ ಡಾನ್ಸ್ ಸಂಗೀತ ಮಾಡೋಣ ಅನ್ನುವುದು ಅವರ ಲೆಕ್ಕಾಚಾರ.

ಈಗ ನಿಮ್ಮ ನಿಜವಾದ ಪ್ರಶ್ನೆಗೆ ಬರುತ್ತೇನೆ. ಜಗತ್ತು ಎಲ್ಲಿದೆ?

ಮೊದಲು ಅದು ಆ ತಂಡ ಹುಟ್ಟಿದ ಊರಿನಲ್ಲಿದೆ. ಬ್ರಿಸ್ಟಲ್ ಇಂಗ್ಲೆಂಡಿನ ನೈಋತ್ಯ ಮೂಲೆಯ ಹಳೆಯ ಬಂದರು ನಗರ. ಹದಿನೆಂಟನೇ ಶತಮಾನದಲ್ಲಿ ಇಲ್ಲಿಂದ ಹೊರಟ ಹಡಗುಗಳು ಪಶ್ಚಿಮ ಆಫ್ರಿಕಾದ ಜನರನ್ನು ಹಿಡಿದು ಕೆರಿಬಿಯನ್ ದ್ವೀಪಗಳಿಗೆ ಗುಲಾಮರಾಗಿ ಸಾಗಿಸುತ್ತಿದ್ದವು. ವಾಪಸು ಬರುವಾಗ ಸಕ್ಕರೆ, ಹೊಗೆಸೊಪ್ಪು ತುಂಬಿಕೊಂಡು ಬರುತ್ತಿದ್ದವು. ಆ ವ್ಯಾಪಾರದಲ್ಲಿ ದುಡ್ಡು ಮಾಡಿದ ಎಡ್ವರ್ಡ್ ಕೋಲ್‌ಸ್ಟನ್‌ನ ಪ್ರತಿಮೆಯನ್ನು 2020ರ ಜೂನ್‌ನಲ್ಲಿ ಜನ ಎಳೆದು ಬಂದರಿನ ನೀರಿಗೆ ತಳ್ಳಿದ್ದು ನಿಮಗೆ ನೆನಪಿರಬಹುದು. ಅದೇ ಬ್ರಿಸ್ಟಲ್.

ಎರಡನೇ ಮಹಾಯುದ್ಧದ ನಂತರ ಜಮೈಕಾ, ಬಾರ್ಬಡೋಸ್ ಕಡೆಯಿಂದ ಕೆಲಸ ಹುಡುಕಿ ಬಂದ ಕುಟುಂಬಗಳು ಇಲ್ಲಿನ ಸೇಂಟ್ ಪಾಲ್ಸ್ ಬಡಾವಣೆಯಲ್ಲಿ ನೆಲೆಸಿದವು. 1963ರವರೆಗೆ ಈ ಊರಿನ ಬಸ್ ಕಂಪನಿ ಕರಿಯರನ್ನೂ ಏಷ್ಯಾದವರನ್ನೂ ಡ್ರೈವರ್, ಕಂಡಕ್ಟರ್ ಕೆಲಸಕ್ಕೆ ತೆಗೆದುಕೊಳ್ಳುತ್ತಿರಲಿಲ್ಲ. ಜನ ಬಸ್ ಹತ್ತುವುದನ್ನೇ ಬಿಟ್ಟರು. ತಿಂಗಳುಗಟ್ಟಲೆ ಬಹಿಷ್ಕಾರ ನಡೆದ ಮೇಲೆ ಕಂಪನಿ ಬಗ್ಗಿತು. ಆ ಸೆಪ್ಟೆಂಬರಿನಲ್ಲಿ ಮೊದಲು ಕಂಡಕ್ಟರ್ ಚೀಲ ಹೆಗಲಿಗೇರಿಸಿದವರು ನಮ್ಮ ಕಡೆಯವರೇ, ರಘಬೀರ್ ಸಿಂಗ್ ಎಂಬ ಸಿಖ್ಖರು. 1968ರಲ್ಲಿ ಸೇಂಟ್ ಪಾಲ್ಸ್‌ನಲ್ಲಿ ಬೀದಿ ಉತ್ಸವ ಶುರುವಾಯಿತು. 1980ರ ಏಪ್ರಿಲ್‌ನಲ್ಲಿ ಅಲ್ಲಿನ ಒಂದು ಕೆಫೆಯ ಮೇಲೆ ಪೊಲೀಸರು ದಾಳಿ ಮಾಡಿದಾಗ ಬಡಾವಣೆಗೆ ಬಡಾವಣೆಯೇ ಸಿಡಿದೆದ್ದಿತು.

ಈ ಮಣ್ಣಿನಲ್ಲಿ ಬೆಳೆದದ್ದು ಸೌಂಡ್ ಸಿಸ್ಟಮ್. ಇದು ಜಮೈಕಾದ ಕೊಡುಗೆ. ಅಲ್ಲಿ ಬ್ಯಾಂಡ್ ಕರೆಸುವಷ್ಟು ದುಡ್ಡಿಲ್ಲದವರು ಬೀರುವಿನಷ್ಟೆತ್ತರದ ಸ್ಪೀಕರುಗಳನ್ನು ಬೀದಿಗೆ ತಂದಿಟ್ಟು ರೆಕಾರ್ಡು ಹಾಕುತ್ತಿದ್ದರು. ಒಬ್ಬ ರೆಕಾರ್ಡು ಬದಲಾಯಿಸುತ್ತಾನೆ, ಇನ್ನೊಬ್ಬ ಮೈಕ್ ಹಿಡಿದು ಅದರ ಮೇಲೆ ಪ್ರಾಸ ಕಟ್ಟಿ ಮಾತಾಡುತ್ತಾನೆ. ಗಣಪತಿ ಪೆಂಡಾಲಿಗೆ ಮೈಕ್‌ಸೆಟ್ ಹಾಕುವವರೇ ಊರಿನ ಹೀರೋಗಳಾಗಿಬಿಟ್ಟರೆ ಹೇಗಿರುತ್ತೆ, ಊಹಿಸಿಕೊಳ್ಳಿ. ಜಮೈಕಾದ ಎಂಜಿನಿಯರುಗಳು ಇನ್ನೊಂದು ಹೆಜ್ಜೆ ಮುಂದೆ ಹೋದರು. ಹಾಡಿನಿಂದ ದನಿಯನ್ನು ತೆಗೆದು, ಬೇಸ್ ಡ್ರಮ್ಮು ಮಾತ್ರ ಉಳಿಸಿ, ನಡುನಡುವೆ ಒಂದು ಗಿಟಾರ್ ತುಣುಕನ್ನು ಪ್ರತಿಧ್ವನಿಯಲ್ಲಿ ತೇಲಿಬಿಟ್ಟರು. ಅದಕ್ಕೆ ಡಬ್ ಎಂದು ಹೆಸರು. ನಿಮಗೆ ಖಾಲಿ ಅನ್ನಿಸಿದ್ದು ಇದೇ. ಜಮೈಕಾದ ರಾಜಧಾನಿ ಕಿಂಗ್‌ಸ್ಟನ್ನಿನಿಂದ ಬ್ರಿಸ್ಟಲ್ಲಿಗೆ ಬಂದ ಖಾಲಿ ಅದು. ನೀವು ಜಗತ್ತಿನ ವಾದ್ಯ ಹುಡುಕುತ್ತಿದ್ದಿರಿ. ಇಲ್ಲಿ ಬಂದಿರುವುದು ಜಗತ್ತಿನ ಇನ್ನೊಂದು ಮೂಲೆಯ ಕೇಳುವ ರೀತಿ.

1980ರ ದಶಕದಲ್ಲಿ ಬ್ರಿಸ್ಟಲ್ಲಿನಲ್ಲಿ ವೈಲ್ಡ್ ಬಂಚ್ ಅನ್ನುವ ಸೌಂಡ್ ಸಿಸ್ಟಮ್ ಗುಂಪು ಇತ್ತು. ಪಾರ್ಕ್ ರೋ ರಸ್ತೆಯ ಡಗ್ ಔಟ್ ಎಂಬ ಕ್ಲಬ್ಬು ಅವರ ಅಡ್ಡಾ. ಒಂದು ಕಡೆ ಸೇಂಟ್ ಪಾಲ್ಸ್, ಇನ್ನೊಂದು ಕಡೆ ಕಾಲೇಜು ಹುಡುಗರ, ಉಳ್ಳವರ ಕ್ಲಿಫ್ಟನ್. ಎರಡೂ ಕಡೆಯವರು ಬಂದು ಸೇರುತ್ತಿದ್ದ ಜಾಗ ಅದು. ಹಾಗಾಗಿ ಒಂದೇ ರಾತ್ರಿ ರೆಗೆ, ಪಂಕ್, ಸೋಲ್, ಅಮೆರಿಕದ ಹೊಸ ಹಿಪ್ ಹಾಪ್ ಎಲ್ಲ ಹಾಕಬೇಕು, ಇಲ್ಲದಿದ್ದರೆ ಅರ್ಧ ಜನ ಎದ್ದು ಹೋಗುತ್ತಾರೆ. ಬೆರೆಸುವುದು ಇವರಿಗೆ ಹೀಗೆ ರೂಢಿಯಾಯಿತು. ಸಿದ್ಧಾಂತ ಗಿದ್ಧಾಂತ ಏನಿರಲಿಲ್ಲ.

ಆ ಗುಂಪಿನ ಮೂವರು ಸೇರಿ ಮ್ಯಾಸಿವ್ ಅಟ್ಯಾಕ್ ಆದರು. ಗ್ರಾಂಟ್ ಮಾರ್ಷಲ್, ಅಡ್ಡಹೆಸರು ಡ್ಯಾಡಿ ಜಿ, ಬಾರ್ಬಡೋಸಿನಿಂದ ಬಂದ ತಂದೆತಾಯಿಯ ಮಗ. ರಾಬರ್ಟ್ ಡೆಲ್ ನಾಜಾ, ಅಡ್ಡಹೆಸರು 3ಡಿ, ಗೋಡೆಗಳ ಮೇಲೆ ಗ್ರಾಫಿಟಿ ಬರೆಯುತ್ತಿದ್ದವನು, ಅಪ್ಪ ಇಟಲಿಯ ನೇಪಲ್ಸ್ ಕಡೆಯವರು. ಮೂರನೆಯವನು ಆಂಡ್ರ್ಯೂ ವೌಲ್ಸ್, ಅಡ್ಡಹೆಸರು ಮಶ್ರೂಮ್. ಮೂವರಲ್ಲಿ ಒಬ್ಬರೂ ನಮ್ಮ ಅರ್ಥದಲ್ಲಿ ವಾದ್ಯಗಾರರಲ್ಲ. ಅವರ ಬಂಡವಾಳ ರೆಕಾರ್ಡು ಪೆಟ್ಟಿಗೆಗಳು ಮತ್ತು ಕಿವಿ. ಜೊತೆಗೆ ಹದಿಹರೆಯದಿಂದಲೇ ಹಿಂದೆ ಮುಂದೆ ಸುತ್ತುತ್ತಿದ್ದ ಏಡ್ರಿಯನ್ ಥಾಸ್ ಎಂಬ ಹುಡುಗ. ಟ್ರಿಕಿ ಅಂತ ಅವನ ಹೆಸರು. ನನ್ನ ಕ್ಯಾಸೆಟ್ಟಿನಲ್ಲಿ ಗೊಣಗುತ್ತಿದ್ದವರಲ್ಲಿ ಅವನೊಬ್ಬ. ಅಮೆರಿಕದ ರ‍್ಯಾಪರುಗಳ ಹಾಗೆ ಎದೆ ಉಬ್ಬಿಸಿ ಕೂಗುವ ಬದಲು ತನ್ನೂರಿನ ಉಚ್ಚಾರದಲ್ಲೇ, ಮಲಗಿಕೊಂಡು ಮಾತಾಡಿದ ಹಾಗೆ ಹೇಳುತ್ತಾನೆ.

ಆಲ್ಬಮ್ ತಯಾರಾದ ಬಗೆಯೂ ತಮಾಷೆಯಾಗಿದೆ. ನೇನೆ ಚೆರಿ ಆಗ ಹೆಸರು ಮಾಡಿದ್ದ ಪಾಪ್ ಗಾಯಕಿ. ಸ್ಟಾಕ್‌ಹೋಮಿನಲ್ಲಿ ಹುಟ್ಟಿದವರು. ಅಪ್ಪ ಸಿಯೆರಾ ಲಿಯೋನಿನ ಡ್ರಮ್ ವಾದಕ, ತಾಯಿ ಸ್ವೀಡನ್ನಿನ ಚಿತ್ರಕಲಾವಿದೆ, ಸಾಕಿದವರು ಅಮೆರಿಕದ ಜಾಝ್ ಕಹಳೆ ವಾದಕ ಡಾನ್ ಚೆರಿ. ಅವರ ಗಂಡ ಕ್ಯಾಮರನ್ ಮೆಕ್‌ವೇ ಈ ಹುಡುಗರ ಬೆನ್ನಿಗೆ ನಿಂತರು. ಚೆರಿಯವರ ಹಾಡಿನಿಂದ ಬಂದ ದುಡ್ಡಿನಲ್ಲೇ ಇವರಿಗೆ ಸಂಬಳ ಕೊಟ್ಟು ಕೆಲಸ ತೆಗೆದರು, ಯಾಕೆಂದರೆ ಇವರು ಶುದ್ಧ ಸೋಮಾರಿಗಳು. ಒಂದಷ್ಟು ಕೆಲಸ ಸ್ಟುಡಿಯೊಗಳಲ್ಲಿ ನಡೆಯಿತು. ಬಹಳಷ್ಟು ನಡೆದದ್ದು ಚೆರಿಯವರ ಮನೆಯ ಮಗುವಿನ ಕೋಣೆಯಲ್ಲಿ. ತಿಂಗಳುಗಟ್ಟಲೆ ಅಲ್ಲೊಂದು ದುರ್ವಾಸನೆ. ಎಲ್ಲಿಂದ ಅಂತ ಯಾರಿಗೂ ಗೊತ್ತಾಗಲಿಲ್ಲ. ಕೊನೆಗೆ ಗೋಡೆಯ ಹೀಟರಿನ ಹಿಂದೆ ಮಗುವಿನ ಹೊಲಸು ಲಂಗೋಟಿ ಸಿಕ್ಕಿತು ಎಂದು ಡ್ಯಾಡಿ ಜಿ ಆಮೇಲೆ ಹೇಳಿಕೊಂಡಿದ್ದಾರೆ. ನುಣುಪಾದ ಸ್ಟುಡಿಯೊ ಸಂಗೀತ ಅಂದುಕೊಳ್ಳುವವರಿಗೆ ಈ ಕತೆ ಹೇಳಬೇಕು. 1991ರ ಏಪ್ರಿಲ್‌ನಲ್ಲಿ ಆಲ್ಬಮ್ ಹೊರಬಂತು. ಒಂಬತ್ತು ಹಾಡು, ಮುಕ್ಕಾಲು ಗಂಟೆ.

ಒಂದೇ ಹಾಡನ್ನು ಬಿಡಿಸಿ ತೋರಿಸುತ್ತೇನೆ. ಎರಡನೆಯದು, 'ಒನ್ ಲವ್'. ಶುರುವಿನಿಂದ ಕೊನೆಯವರೆಗೆ ಒಂದು ಸಣ್ಣ ಸ್ವರಗುಚ್ಛ ಮೆಲ್ಲಗೆ ಸುತ್ತುತ್ತಿರುತ್ತದೆ. ಹತ್ತುತ್ತದೆ, ಒಂದು ಕ್ಷಣ ತಡೆಯುತ್ತದೆ, ಇಳಿಯುತ್ತದೆ. ಅದನ್ನು ತೆಗೆದಿರುವುದು 1971ರ ಒಂದು ಜಾಝ್-ರಾಕ್ ರೆಕಾರ್ಡಿನಿಂದ. ಆ ತಂಡದ ಹೆಸರು ಮಹಾವಿಷ್ಣು ಆರ್ಕೆಸ್ಟ್ರಾ. ಹೌದು, ನಮ್ಮ ಮಹಾವಿಷ್ಣುವೇ. ಅದರ ನಾಯಕ ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್. ನ್ಯೂಯಾರ್ಕಿನಲ್ಲಿದ್ದ ಬಂಗಾಳಿ ಗುರು ಶ್ರೀ ಚಿನ್ಮಯ್ ಅವರ ಶಿಷ್ಯನಾಗಿದ್ದಾಗ ಗುರುಗಳು ಇಟ್ಟ ಹೆಸರು ಅದು. ಡ್ರಮ್ಮಿನಲ್ಲಿ ಬಿಲ್ಲಿ ಕಾಬಮ್, ಪನಾಮಾದಲ್ಲಿ ಹುಟ್ಟಿದವರು. ಕೀಬೋರ್ಡಿನಲ್ಲಿ ಯಾನ್ ಹ್ಯಾಮರ್, ಪ್ರಾಗ್‌ನವರು. ಬೇಸ್ ನುಡಿಸಿದ ರಿಕ್ ಲೇಯರ್ಡ್ ಐರ್ಲೆಂಡಿನವರು. ವಯಲಿನ್ ಜೆರಿ ಗುಡ್‌ಮನ್, ಅಮೆರಿಕದವರು. ಇದೇ ಮೆಕ್‌ಲಾಫ್ಲಿನ್ ಆಮೇಲೆ ಎಲ್. ಶಂಕರ್, ಜಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್ ಜೊತೆ ಸೇರಿ ಶಕ್ತಿ ತಂಡ ಕಟ್ಟಿದ್ದು. 2024ರಲ್ಲಿ ಗ್ರ್ಯಾಮಿ ಗೆದ್ದ ಶಕ್ತಿ ಅದೇ.

ಆ ತುಣುಕಿನ ಮೇಲೆ ಹಾಡುವವರು ಯಾರು? ಹೊರೇಸ್ ಆಂಡಿ. ಕಿಂಗ್‌ಸ್ಟನ್ನಿನ ರೆಗೆ ಗಾಯಕ, 1970ರ ದಶಕದಲ್ಲೇ ಜಮೈಕಾದಲ್ಲಿ ಮನೆಮಾತು. ಅವರ ದನಿಯಲ್ಲಿ ಒಂದು ವಿಚಿತ್ರ ನಡುಕ ಇದೆ. ಸ್ವರ ಹಿಡಿದು ನಿಂತಾಗ ದೀಪದ ಕುಡಿ ಗಾಳಿಗೆ ಅಲ್ಲಾಡಿದ ಹಾಗೆ ಅಲ್ಲಾಡುತ್ತದೆ. ಇದೂ ಸೇರಿ ಮ್ಯಾಸಿವ್ ಅಟ್ಯಾಕ್ ಮಾಡಿದ ಐದೂ ಆಲ್ಬಮ್‌ಗಳಲ್ಲಿ ಅವರು ಹಾಡಿದ್ದಾರೆ. ಅಲ್ಲಿಗೆ ಒಂದು ಹಾಡಿನಲ್ಲಿ ಎಷ್ಟು ದೇಶ ಆಯಿತು, ನೀವೇ ಎಣಿಸಿ. ಕಿವಿಗೆ ಮಾತ್ರ ಒಂದು ದೇಶವೂ ಎದ್ದು ಕಾಣುವುದಿಲ್ಲ. ಸಾರಿನಲ್ಲಿ ಹುಣಸೆಹಣ್ಣು ಕಾಣುವುದಿಲ್ಲವಲ್ಲ, ಹಾಗೆ.

ಒಮ್ಮೆ ಎಳೆ ಸಿಕ್ಕಿದ ಮೇಲೆ ಬಿಡುವುದು ಕಷ್ಟ. ಮೊದಲ ಹಾಡು 'ಸೇಫ್ ಫ್ರಮ್ ಹಾರ್ಮ್'ನ ಡ್ರಮ್ಮು ಬೇಸ್ ಎರಡೂ ಅದೇ ಬಿಲ್ಲಿ ಕಾಬಮ್ 1973ರಲ್ಲಿ ತಮ್ಮ ಹೆಸರಿನಲ್ಲಿ ಹೊರತಂದ ರೆಕಾರ್ಡಿನವು. ಮೂಲದಲ್ಲಿ ಆ ಬೇಸ್ ನುಡಿಸಿದವರು ಲೀಲಂಡ್ ಸ್ಕ್ಲಾರ್. 'ಡೇಡ್ರೀಮಿಂಗ್'ನ ಅಡಿಯಲ್ಲಿ ಹರಿಯುವ ಸಂಗೀತ ವಾಲಿ ಬದಾರು ಅವರದು. ಪ್ಯಾರಿಸ್ಸಿನಲ್ಲಿ ಹುಟ್ಟಿದವರು, ಮೂಲ ಪಶ್ಚಿಮ ಆಫ್ರಿಕಾದ ಬೆನಿನ್, ಹೆಸರು ಮಾಡಿದ್ದು ಬಹಾಮಾಸ್ ದ್ವೀಪದ ಸ್ಟುಡಿಯೊದಲ್ಲಿ. ನೋಡಿ, ಆಫ್ರಿಕಾವೂ ಬಂತು. ಡೋಲು ಹೊತ್ತುಕೊಂಡು ಬರಲಿಲ್ಲ, ಸಿಂಥಸೈಜರ್ ಹಿಡಿದುಕೊಂಡು ಬಂತು.

ಇನ್ನು 'ಅನ್‌ಫಿನಿಶ್ಡ್ ಸಿಂಪಥಿ'. ಇದನ್ನು ಬಿಟ್ಟು ಈ ಆಲ್ಬಮ್ ಬಗ್ಗೆ ಮಾತಾಡುವ ಹಾಗಿಲ್ಲ. ಗಾಯಕಿ ಶಾರಾ ನೆಲ್ಸನ್ ಸ್ಟುಡಿಯೊದಲ್ಲಿ ಸುಮ್ನೆ ಗುನುಗುತ್ತಿದ್ದ ರಾಗದಿಂದ ಹುಟ್ಟಿದ್ದು. ನಿರ್ಮಾಪಕ ಜಾನಿ ಡಾಲರ್ ಅದನ್ನು ಬಿಡದೆ ಹಿಡಿದುಕೊಂಡರು. ಮೊದಲು ತಂತಿವಾದ್ಯಗಳ ಸದ್ದನ್ನು ಕೀಬೋರ್ಡಿನಲ್ಲೇ ಹಾಕಿದ್ದರು. ಕೇಳಿದರೆ ಸಪ್ಪೆ. ನಿಜವಾದ ಆರ್ಕೆಸ್ಟ್ರಾ ಬೇಕು, ಆದರೆ ದುಡ್ಡಿಲ್ಲ. ತಂಡದವರು ತಮ್ಮ ಕಾರು ಮಾರಿದರು. ವಿಲ್ ಮಲೋನ್ ಸ್ವರ ಬರೆದುಕೊಟ್ಟರು, ಆಬಿ ರೋಡ್ ಸ್ಟುಡಿಯೊದಲ್ಲಿ ಧ್ವನಿಮುದ್ರಣ ಆಯಿತು. ಕೇಳುವಾಗ ಒಂದು ವಿಷಯ ಗಮನಿಸಿ. ತಳದಲ್ಲಿ ಡ್ರಮ್ಮು ಗಂಟೆಯ ಸದ್ದು ಯಂತ್ರದ ಹಾಗೆ ಸುತ್ತುತ್ತಿವೆ, ಒಂದು ಕೂದಲೆಳೆಯೂ ಬದಲಾಗುವುದಿಲ್ಲ. ಮೇಲೆ ವಯಲಿನ್ನುಗಳು ಮಾತ್ರ ಉಸಿರಾಡುತ್ತಿವೆ. ನಡುವೆ ಶಾರಾ ಅವರ ದನಿ. ಯಂತ್ರಕ್ಕೂ ಮನುಷ್ಯರಿಗೂ ನಡುವೆ ಸಿಕ್ಕಿಕೊಂಡ ಹಾಗೆ. ನನಗೆ ಈ ಆಲ್ಬಮ್ಮಿನಲ್ಲಿ ಇದಕ್ಕಿಂತ ದೊಡ್ಡ ಹಾಡಿಲ್ಲ. ಈ ಇಪ್ಪತ್ತು ಮೂವತ್ತು ವರ್ಷದಲ್ಲಿ ಎಷ್ಟು ಸಲ ಕೇಳಿದ್ದೇನೋ, ಆರ್ಕೆಸ್ಟ್ರಾ ಏರುವಾಗ ಈಗಲೂ ಕೈ ಮಾಡುತ್ತಿದ್ದ ಕೆಲಸ ನಿಲ್ಲಿಸಿಬಿಡುತ್ತದೆ.

ಅದರ ವಿಡಿಯೊ ನೋಡಿ. ಬೇಲಿ ವಾಲ್ಶ್ ನಿರ್ದೇಶನ. ಲಾಸ್ ಏಂಜಲೀಸಿನ ವೆಸ್ಟ್ ಪೀಕೋ ರಸ್ತೆಯಲ್ಲಿ ಶಾರಾ ನೆಲ್ಸನ್ ಹಾಡುತ್ತಾ ನಡೆದುಕೊಂಡು ಹೋಗುತ್ತಾರೆ, ಅಷ್ಟೆ. ಕಟ್ ಇಲ್ಲ, ಒಂದೇ ಶಾಟ್. ಅಕ್ಕಪಕ್ಕ ಏನು ನಡೆಯುತ್ತಿದ್ದರೂ ತಿರುಗಿ ನೋಡುವುದಿಲ್ಲ. ಹಿಂದೆ ತಂಡದವರು ಬಂದು ಸೇರಿಕೊಳ್ಳುತ್ತಾರೆ, ಗಮನ ಇಟ್ಟು ನೋಡಿದರೆ ಸಿಗುತ್ತಾರೆ. ಈ ಹಾಡು 1991ರ ಫೆಬ್ರವರಿಯಲ್ಲಿ ಸಿಂಗಲ್ ಆಗಿ, ಅಂದರೆ ಬಿಡಿ ಹಾಡಾಗಿ ಬಂದಾಗ ಕೊಲ್ಲಿ ಯುದ್ಧ ನಡೆಯುತ್ತಿತ್ತು. ರೇಡಿಯೊದಲ್ಲಿ 'ಅಟ್ಯಾಕ್' ಅನ್ನುವ ಪದ ಬೇಡ ಅಂತಾಗಿ ತಂಡದ ಹೆಸರನ್ನು ಬರೀ 'ಮ್ಯಾಸಿವ್' ಎಂದು ಮುದ್ರಿಸಿದರು. ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 13ನೇ ಸ್ಥಾನಕ್ಕೆ ಏರಿತು. ಆಲ್ಬಮ್‌ಗಳ ಪಟ್ಟಿಯಲ್ಲಿ ಆಲ್ಬಮ್ಮೂ 13ಕ್ಕೇ ನಿಂತಿತು.

ಈ ಹಾಡಿನಲ್ಲಿ ಆಗಾಗ ಒಂದು 'ಹೇ ಹೇ' ಕೂಗು ಕೇಳುತ್ತದಲ್ಲ, ಅದೂ ಮಹಾವಿಷ್ಣು ಆರ್ಕೆಸ್ಟ್ರಾದ್ದೇ, 1976ರ ರೆಕಾರ್ಡಿನಿಂದ. ಮೂಲ ಹಾಡಿನ ಹೆಸರು 'ಪ್ಲಾನೆಟರಿ ಸಿಟಿಜನ್'. ಭೂಮಿಗೆಲ್ಲ ನಾಗರಿಕ ಅಂತ ಅರ್ಥ. ನಿಮ್ಮ ಗೆಳೆಯರಿಗೆ ಹೇಳಿ, ಖುಷಿಪಡುತ್ತಾರೆ.

ಇಲ್ಲಿಂದ ನಿಮ್ಮ ಎರಡನೇ ಪ್ರಶ್ನೆ. ಕದ್ದ ಹಾಗೆ ಅಲ್ವಾ?

ಈ 'ಹೇ ಹೇ' ವಿಷಯದಲ್ಲಿ ನಿಮ್ಮ ಅನುಮಾನ ಸರಿ. ಮೂಲದವರ ಹೆಸರು ಹಾಕಿರಲಿಲ್ಲ. ತಕರಾರು ಬಂತು, ಕೋರ್ಟಿನ ಹೊರಗೆ ಇತ್ಯರ್ಥ ಆಯಿತು. ಆದರೆ ನಾವು ಸಿನಿಮಾ ಹಾಡಿನ ಬಗ್ಗೆ 'ಟ್ಯೂನ್ ಕದ್ದಿದ್ದಾರೆ' ಅನ್ನುತ್ತೇವಲ್ಲ, ಅದಕ್ಕೂ ಸ್ಯಾಂಪ್ಲಿಂಗ್‌ಗೂ ವ್ಯತ್ಯಾಸ ಇದೆ. ಟ್ಯೂನ್ ಕದ್ದವರು ಬೇರೆಯವರ ರಾಗವನ್ನು ತಮ್ಮ ವಾದ್ಯಗಾರರಿಂದ ನುಡಿಸಿ ತಮ್ಮದೆಂದು ತೋರಿಸುತ್ತಾರೆ. ಸ್ಯಾಂಪ್ಲಿಂಗ್ ಮಾಡುವವರು ಆ ರೆಕಾರ್ಡಿನ ಸದ್ದನ್ನೇ ಎತ್ತಿಕೊಳ್ಳುತ್ತಾರೆ. ಅದರ ಕೋಣೆಯ ಗಾಳಿ, ಅದರ ಕರಕರ ಎಲ್ಲ ಸಮೇತ. ಹಾಗಾಗಿ ಇಲ್ಲಿ ಎರಡು ಹಕ್ಕು ಬರುತ್ತವೆ. ಒಂದು ಹಾಡು ಕಟ್ಟಿದವರದು, ಇನ್ನೊಂದು ಆ ಧ್ವನಿಮುದ್ರಣದ ಒಡೆಯರದು. ಇಬ್ಬರ ಒಪ್ಪಿಗೆಯೂ ಬೇಕು. 1980ರ ದಶಕದ ಕೊನೆಯವರೆಗೆ ಇದು ಸಡಿಲವಾಗಿತ್ತು. 'ಬ್ಲೂ ಲೈನ್ಸ್' ಬಂದ ವರ್ಷವೇ, ಡಿಸೆಂಬರಿನಲ್ಲಿ, ಅಮೆರಿಕದ ನ್ಯಾಯಾಲಯವೊಂದು ಒಪ್ಪಿಗೆ ಪಡೆಯದೆ ಸ್ಯಾಂಪಲ್ ಬಳಸಿದ ಬಿಜ್ ಮಾರ್ಕಿ ಎಂಬ ರ‍್ಯಾಪರ್ ವಿರುದ್ಧ ಖಡಕ್ ತೀರ್ಪು ಕೊಟ್ಟಿತು. ಅಲ್ಲಿಂದ ಸ್ಯಾಂಪಲ್ ಅಂದರೆ ವಕೀಲರು, ಲೆಕ್ಕಪತ್ರ, ದೊಡ್ಡ ಖರ್ಚು.

ನನ್ನ ಅಭಿಪ್ರಾಯ ಕೇಳಿದರೆ, ಹೆಸರು ಹಾಕಬೇಕು, ದುಡ್ಡೂ ಕೊಡಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಕಲೆಯ ಲೆಕ್ಕ ಬೇರೆ. ಕಾಬಮ್ ಅವರ ಮೂಲ ಕೇಳಿ. ಗಿಟಾರು ಕೀಬೋರ್ಡು ಮಿಂಚಿನ ಹಾಗೆ ಓಡುವ ಪ್ರತಿಭೆಯ ಪ್ರದರ್ಶನ ಅದು. ಇವರು ಆ ಮಿಂಚನ್ನೆಲ್ಲ ಬಿಟ್ಟು, ಅದರಡಿಯ ನಡಿಗೆಯೊಂದನ್ನೇ ತೆಗೆದುಕೊಂಡು, ಅದರ ಮೇಲೆ ಮಗುವನ್ನು ಅಪಾಯದಿಂದ ಕಾಪಾಡುವ ತಾಯಿಯ ಮಾತನ್ನು ಕೂರಿಸಿದರು. ಹಳೇ ಸೀರೆಗಳಿಂದ ಕೌದಿ ಹೊಲಿಯುವ ನಮ್ಮ ಅಜ್ಜಿಯರಿಗೆ ಯಾರೂ ಕಳ್ಳರು ಅನ್ನಲಿಲ್ಲ. ಯಾವ ತುಂಡಿನ ಪಕ್ಕ ಯಾವ ತುಂಡು ಅನ್ನುವುದರಲ್ಲೇ ಅವರ ಕೈಗುಣ ಇತ್ತು. ಒಂದೇ ವ್ಯತ್ಯಾಸ, ಅಜ್ಜಿ ಹೊಲಿದದ್ದು ಮನೆಯವರದೇ ಸೀರೆ!

ಟ್ರಿಪ್ ಹಾಪ್ ಎಂಬ ಹೆಸರಿನ ಬಗ್ಗೆ ಎರಡೇ ಮಾತು. ಆಲ್ಬಮ್ ಬಂದಾಗ ಆ ಪದವೇ ಇರಲಿಲ್ಲ. 1994ರಲ್ಲಿ ಮಿಕ್ಸ್‌ಮ್ಯಾಗ್ ಪತ್ರಿಕೆಯಲ್ಲಿ ಬೇರೊಂದು ಸಂಗೀತದ ಬಗ್ಗೆ ಬರೆಯುವಾಗ ಬಳಸಿದ್ದು, ಆಮೇಲೆ ಹಿಂದಕ್ಕೆ ತಂದು ಇವರಿಗೂ ಅಂಟಿಸಿದರು. ತಂಡದವರಿಗೆ ಆ ಪದ ಕಂಡರೆ ಆಗದು. 'ಬ್ಲೂ ಲೈನ್ಸ್' ಕೆಲಸ ನಡೆದ ಬ್ರಿಸ್ಟಲ್ಲಿನ ಕೋಚ್ ಹೌಸ್ ಸ್ಟುಡಿಯೊದಲ್ಲಿ ಟೇಪು ಹಾಕಿ ತೆಗೆದು ಮಾಡುತ್ತಿದ್ದ ಹುಡುಗ ಜೆಫ್ ಬ್ಯಾರೋ. ಅವನೇ ಮುಂದೆ ಪೋರ್ಟಿಸ್‌ಹೆಡ್ ತಂಡ ಕಟ್ಟಿ 1994ರಲ್ಲಿ 'ಡಮ್ಮಿ' ತಂದ. ಟ್ರಿಕಿ ಮರುವರ್ಷ ತನ್ನ ತೀರಿಕೊಂಡ ತಾಯಿಯ ಹೆಸರಿನಲ್ಲಿ 'ಮ್ಯಾಕ್ಸಿನ್‌ಕ್ವೇ' ಮಾಡಿದ. ಹೆಸರು ನಿಂತದ್ದು ಈ ಮೂರು ಮನೆಗಳಿಂದ.

ನೀವು ನಿರೀಕ್ಷಿಸಿದ್ದು ಯಾವ ಬಗೆಯ ಬೆರಕೆ ಅಂತ ನನಗೆ ಅರ್ಥವಾಗುತ್ತದೆ. ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ಮಾಡಿತು. ಟಿ.ಎ.ಎಸ್. ಮಣಿ ಅವರ ಮೃದಂಗ, ಆರ್.ಎ. ರಮಾಮಣಿ ಅವರ ಗಾಯನ. ಅಲ್ಲಿ ಎರಡು ಸಂಗೀತಗಳು ಎದುರುಬದುರು ಕೂತು ಮಾತಾಡುತ್ತವೆ. ಯಾವುದು ಯಾರದ್ದು ಅಂತ ಪ್ರತಿ ಕ್ಷಣವೂ ಗೊತ್ತಾಗುತ್ತದೆ. ಫ್ಯೂಷನ್ ಅಂದರೆ ನಮ್ಮ ಮನಸ್ಸಿಗೆ ಬರುವುದು ಆ ಚಿತ್ರವೇ. 'ಬ್ಲೂ ಲೈನ್ಸ್'ನಲ್ಲಿ ಮನುಷ್ಯರು ಭೇಟಿಯಾಗುವುದಿಲ್ಲ, ರೆಕಾರ್ಡುಗಳು ಭೇಟಿಯಾಗುತ್ತವೆ. ಕಾಬಮ್ ಮತ್ತು ಶಾರಾ ನೆಲ್ಸನ್ ಒಂದೇ ಕೋಣೆಯಲ್ಲಿ ಕೂರಲೇ ಇಲ್ಲ.

ಇದನ್ನು ನೋಡಿ ಮುಂದೆ ಲೌಂಜ್ ಸಂಗೀತದವರು ಮಾಡಿದ್ದು ನನಗೆ ಸ್ವಲ್ಪವೂ ಹಿಡಿಸುವುದಿಲ್ಲ. ನಿಧಾನ ಡ್ರಮ್ಮಿನ ಮೇಲೆ ಒಂದು ಚಿಟಿಕೆ ಸಿತಾರ್, ಅರ್ಥವಿಲ್ಲದ ಒಂದು ಸಂಸ್ಕೃತ ಸಾಲು, ಆಯಿತು ಜಾಗತಿಕ ಸಂಗೀತ. ಹೋಟೆಲ್ ಲಾಬಿಗಳಲ್ಲಿ ಈಗಲೂ ಹಾಕುತ್ತಾರೆ. ಕೊತ್ತಂಬರಿ ಸೊಪ್ಪು ಉದುರಿಸಿದರೆ ಅಡುಗೆ ಆಗಲ್ಲ.

ಚೆನ್ನಾಗಿ ಮಾಡಿದವರೂ ಇದ್ದಾರೆ. ವೈಲ್ಡ್ ಬಂಚ್ ಗುಂಪಿನಲ್ಲೇ ಇದ್ದ ನೆಲೀ ಹೂಪರ್ 1993ರಲ್ಲಿ ಐಸ್‌ಲ್ಯಾಂಡಿನ ಬ್ಯೋರ್ಕ್ ಅವರ 'ಡೆಬ್ಯೂ' ಆಲ್ಬಮ್ ನಿರ್ಮಿಸಿದರು. ಅದರಲ್ಲಿ ತಬಲಾ ನುಡಿಸಿದವರು ಲಂಡನ್ನಿನ ತಲ್ವಿನ್ ಸಿಂಗ್. 'ವೀನಸ್ ಆ್ಯಸ್ ಎ ಬಾಯ್' ಹಾಡಿನ ವಯಲಿನ್ನುಗಳನ್ನು ಅವರು ಭಾರತದಲ್ಲಿ ಧ್ವನಿಮುದ್ರಿಸಿಕೊಂಡು ಹೋದರು. ನಮ್ಮ ಸಿನಿಮಾ ಹಾಡಿನ ವಯಲಿನ್ನಿನ ಜಾರು ನಿಮಗೆ ತಕ್ಷಣ ಗುರುತು ಸಿಗುತ್ತದೆ. ತಲ್ವಿನ್ ಸಿಂಗ್ ಅವರ ಸ್ವಂತ ಆಲ್ಬಮ್ 'ಓಕೆ'ಗೆ ಬ್ರಿಟನ್ನಿನ 1999ರ ಮರ್ಕ್ಯುರಿ ಸಂಗೀತ ಪ್ರಶಸ್ತಿ ಬಂತು.

ಈಗ ಕೇಳುವ ಬಗೆ. ದುಬಾರಿ ಉಪಕರಣ ಬೇಡ, ವಿನೈಲ್ ರೆಕಾರ್ಡೂ ಬೇಡ. ಕಿವಿಯೊಳಗೆ ಸರಿಯಾಗಿ ಕೂರುವ ಸಾಧಾರಣ ಇಯರ್‌ಫೋನ್ ಸಾಕು. ಸಡಿಲವಾಗಿದ್ದರೆ ಬೇಸ್ ಸೋರಿಹೋಗುತ್ತದೆ. ಕಾರಿನ ಸ್ಟೀರಿಯೊ ಇದ್ದರೆ ಇನ್ನೂ ಒಳ್ಳೆಯದು. ರಾತ್ರಿ, ಹೈವೇ, ಕಿಟಕಿ ಮುಚ್ಚಿರಲಿ. 2012ರಲ್ಲಿ ಹೊಸದಾಗಿ ಸರಿಪಡಿಸಿ ಹೊರತಂದ ಆವೃತ್ತಿ ಸಿಕ್ಕರೆ ಅದನ್ನೇ ಹಾಕಿ.

ಮೊದಲು 'ಸೇಫ್ ಫ್ರಮ್ ಹಾರ್ಮ್' ಹಾಕಿ, ಬೇಸ್ ಒಂದನ್ನೇ ಹಿಂಬಾಲಿಸಿ. ಮಾತಿನ ಕಡೆ ಗಮನ ಬೇಡ. ಆಮೇಲೆ 'ಅನ್‌ಫಿನಿಶ್ಡ್ ಸಿಂಪಥಿ'. ಮೂರನೆಯದಾಗಿ 'ಫೈವ್ ಮ್ಯಾನ್ ಆರ್ಮಿ'. ಇದರಲ್ಲಿ ಡಬ್‌ನ ಖಾಲಿತನ ಚೆನ್ನಾಗಿ ಗೊತ್ತಾಗುತ್ತದೆ. ಮಾತುಗಾರರು ಒಬ್ಬರ ಕೈಯಿಂದ ಒಬ್ಬರಿಗೆ ಮೈಕ್ ದಾಟಿಸಿದ ಹಾಗೆ ಬಂದು ಹೋಗುತ್ತಾರೆ. ಕೊನೆಯ 'ಹಿಮ್ ಆಫ್ ದ ಬಿಗ್ ವ್ಹೀಲ್' ಹೊರೇಸ್ ಆಂಡಿಯವರದು. ಅದನ್ನು ಒಬ್ಬರೇ ಕೂತು ಕೇಳಿ. 'ಲೇಟ್ಲಿ' ನನಗೆ ಅಷ್ಟಕ್ಕಷ್ಟೆ, ದಾಟಿಸಿದರೂ ನಷ್ಟವಿಲ್ಲ.

ಇಷ್ಟಾದ ಮೇಲೂ ನಮ್ಮ ಕಡೆಯ ದನಿ ಕೇಳಲೇಬೇಕು ಅನ್ನಿಸಿದರೆ ಒಂದು ವರ್ಷ ಹಿಂದಕ್ಕೆ ಹೋಗಿ. ಪಾಕಿಸ್ತಾನದ ಕವ್ವಾಲಿ ಗಾಯಕ ನುಸ್ರತ್ ಫತೇ ಅಲಿ ಖಾನ್ ಅವರ 'ಮಸ್ತ್ ಮಸ್ತ್' ಆಲ್ಬಮ್ 1990ರಲ್ಲಿ ಬಂತು. ಅದರ ಮುಖ್ಯ ಹಾಡಿಗೆ ರೀಮಿಕ್ಸ್ ಮಾಡಿಕೊಟ್ಟವರು ಇದೇ ಮ್ಯಾಸಿವ್ ಅಟ್ಯಾಕ್. ಆಗ ಅವರ ಸ್ವಂತ ಆಲ್ಬಮ್ ಇನ್ನೂ ಹೊರಬಂದಿರಲಿಲ್ಲ. ನುಸ್ರತ್ ಅವರ ಆಲಾಪದ ಕೆಳಗೆ ಸೇಂಟ್ ಪಾಲ್ಸ್ ಬೀದಿಯ ಆ ಬೇಸ್ ಬಂದು ಸೇರುವುದನ್ನು ಕೇಳಿ. ದಯವಿಟ್ಟು, ಫೋನ್ ಸ್ಪೀಕರಿನಲ್ಲಿ ಬೇಡ.